ಕೈ ಹಿಂದ ಕಟ್ಕೊಂಡು ನೋಡ್ರಿ

ಚಿತ್ತಾಪುರದ ತಹಸೀಲ ಕಚೇರಿಯ ಎದುರು, ತಗಡಿನ ಶೆಡ್ಡಿನ ಕೆಳಗೆ ಸಾಲಾಗಿ ಕೂಡುವ ಬಾಂಡ್ ರೈಟರುಗಳ ಪೈಕಿ ಕಲ್ಯಾಣಪ್ಪನ ಮೇಜು ಮೂರನೆಯದು. ಮೂವತ್ತೊಂದು ವರ್ಷದಿಂದ ಅಲ್ಲಿ ಕೂತು ಖರೀದಿ ಪತ್ರ, ಪಾಲು ಹಂಚಿಕೆಯ ವಾಟ್ನಿ ಪತ್ರ, ಅಫಿಡವಿಟ್ಟು, ತಕರಾರು ಅರ್ಜಿ ಬರೆದುಕೊಡುತ್ತ ಬಂದಿದ್ದ. ಯಾರು ಬಂದು ಏನೇ ತೊದಲಲಿ, ಅರ್ಧ ತಾಸಿನಲ್ಲಿ ಅದು ‘ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುವಾಗಿ, ಓದಿದ ಸಾಹೇಬ ತಲೆದೂಗುವಂತೆ ಮುಗಿಯುತ್ತಿತ್ತು. ಕಲ್ಯಾಣಪ್ಪನ ಕೈಯಲ್ಲಿ ಸೋತ ಕೇಸೂ ಗೆದ್ದಂಗ ಕಾಣತದ ಎಂದು ಶೆಡ್ಡಿನ ಮಂದಿ ನಗುತ್ತಿದ್ದರು.

ಅಂಥವನು ಅರವತ್ತರ ಹೊಸ್ತಿಲಲ್ಲಿ ಒಂದು ಪುಸ್ತಕದ ಮುಂದೆ ಸೋತ. ಅದರಲ್ಲಿ ಮಾತೇ ಇರಲಿಲ್ಲ.

ಪುಸ್ತಕ ಮೊಮ್ಮಗಳು ಚನ್ನುವಿನದು. ಪೂರ್ತಿ ಹೆಸರು ಚನ್ನಮ್ಮ, ಐದನೆಯ ತರಗತಿ. ಅವಳ ಅವ್ವ ನಾಗರತ್ನಾ ತಾಲೂಕು ಆಸ್ಪತ್ರೆಯಲ್ಲಿ ನರ್ಸು, ಅಪ್ಪ ಸಂತೋಷಕುಮಾರನಿಗೆ ವಾಡಿಯ ಸಿಮೆಂಟು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಹೀಗಾಗಿ ಶಾಲೆ ಬಿಟ್ಟ ಕೂಡಲೇ ಚನ್ನು ಚೀಲ ಹೆಗಲಿಗೇರಿಸಿಕೊಂಡು ಮುತ್ಯಾನ ಮೇಜಿಗೆ ಬರುತ್ತಿದ್ದಳು. ಆ ವರ್ಷ ಜುಲೈಯಲ್ಲಿ ನಾಗರತ್ನಾ ಮಗಳ ಹೆಸರಿನಲ್ಲಿ ನವೋದಯ ಶಾಲೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿ, ದಪ್ಪನೆಯ ಗೈಡೊಂದನ್ನು ತಂದು ಅಪ್ಪನ ಮುಂದಿಟ್ಟಳು.

“ಭಾಷಾ, ಲೆಕ್ಕ ನೀ ಹೇಳಿಕೊಡ್ತಿ, ನನಗ ಗೊತ್ತದ. ಈ ಚಿತ್ರದ್ದೂ ಜರಾ ನೋಡಪ್ಪಾ. ಅರ್ಧಾ ಮಾರ್ಕು ಇದರಾಗೇ ಅದಾವಂತ.”

“ಚಿತ್ರ ಏನು ದೊಡ್ಡ ಮಾತು? ನೋಡ್ಕೋತೀನಿ ತಗೋ,” ಎಂದ ಕಲ್ಯಾಣಪ್ಪ.

ಆ ಭಾಗಕ್ಕೆ ಮಾನಸಿಕ ಸಾಮರ್ಥ್ಯ ಎಂದು ಹೆಸರು. ನಾಲ್ಕು ಚಿತ್ರಗಳಲ್ಲಿ ಗುಂಪಿಗೆ ಸೇರದ್ದು ಯಾವುದು, ಅರ್ಧ ಅಳಿಸಿದ ಚಿತ್ರಕ್ಕೆ ಯಾವ ತುಂಡು ಕೂಡುತ್ತದೆ, ಮಡಚಿ ತೂತು ಹೊಡೆದ ಕಾಗದ ಬಿಚ್ಚಿದರೆ ತೂತು ಎಲ್ಲೆಲ್ಲಿ ಬೀಳುತ್ತವೆ, ಇಂಥವೇ ಪುಟದ ಮೇಲೆ ಪುಟ. ಕಲ್ಯಾಣಪ್ಪ ಕನ್ನಡಕ ಏರಿಸಿ ನೋಡಿದ. ಗೆರೆ, ಚುಕ್ಕಿ, ಬಾಣ. ಎಲ್ಲವೂ ಒಂದೇ ಥರ ಕಂಡವು. ಅಕ್ಷರ ಇಲ್ಲದ ಕಡೆ ಅವನ ಕಣ್ಣು ನಿಲ್ಲುತ್ತಲೇ ಇರಲಿಲ್ಲ.

ಆದರೆ ಸೋತೆ ಎಂದು ಹೇಳುವ ರೂಢಿ ಅವನಿಗಿರಲಿಲ್ಲ. ತನಗೆ ಬರುವ ವಿದ್ಯೆಯನ್ನೇ ಚಿತ್ರಕ್ಕೂ ಹಚ್ಚಿದ. ಹೊಲ, ಮನೆ ಮಾರುವಾಗ ನಾಲ್ಕೂ ದಿಕ್ಕಿಗೆ ಏನೇನಿದೆ ಎಂದು ಚಕ್ಕುಬಂದಿ ಬರೆಯುತ್ತಾರಲ್ಲ, ಹಾಗೆ. “ನೋಡವ್ವಾ, ಪೂರ್ವಕ್ಕ ಕರೀ ಚುಕ್ಕಿ, ಪಶ್ಚಿಮಕ್ಕ ಬಾಣ, ಉತ್ತರಕ್ಕ ಎರಡು ಗೆರಿ. ಈಗ ಎರಡನೇ ಚಿತ್ರದಾಗ ಚುಕ್ಕಿ ದಕ್ಷಿಣಕ್ಕ ಬಂದದ. ಅಂದ್ರ ಅರ್ಥ ಏನು?” ಅವನು ಅರ್ಥ ಬಿಡಿಸುವಷ್ಟರಲ್ಲಿ ಚನ್ನುವಿಗೆ ಚುಕ್ಕಿ ಎಲ್ಲಿತ್ತು ಎಂಬುದೇ ಮರೆತುಹೋಗಿರುತ್ತಿತ್ತು.

ಮೊದಲ ದಿನ ಯಾರೂ ಹೇಳಿಕೊಡದೆ ಹತ್ತರಲ್ಲಿ ಏಳು ಸರಿ ಮಾಡಿದ್ದಳು ಹುಡುಗಿ. ಮೂರು ವಾರ ಮುತ್ಯಾ ಹೇಳಿಕೊಟ್ಟ ಮೇಲೆ ನಾಲ್ಕಕ್ಕೆ ಇಳಿದಳು.

ಆಗಸ್ಟಿನ ಒಂದು ಸಂಜೆ ಒಂದು ಪ್ರಶ್ನೆಯ ಮುಂದೆ ಇಬ್ಬರೂ ತೊಡಕಿಗೆ ಬಿದ್ದರು. ಒಂದು ಕೋಲು, ಅದರ ತುದಿಗೆ ಬಲಗಡೆ ತ್ರಿಕೋನದ ಬಾವುಟ, ಬುಡದಲ್ಲಿ ಎಡಗಡೆ ಕರಿ ಚುಕ್ಕಿ. ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ? ಚನ್ನು ಮೂರನೆಯ ಚಿತ್ರಕ್ಕೆ ಬೆರಳಿಟ್ಟು, ಮೂರು ಎಂದು ಬರೆದಳು. ಅದರಲ್ಲಿ ಬಾವುಟವೂ ಮಗ್ಗುಲು ಬದಲಿಸಿತ್ತು, ಚುಕ್ಕಿಯೂ ಬದಲಿಸಿತ್ತು. ಕಲ್ಯಾಣಪ್ಪ ಗೈಡಿನ ಕೊನೆಯ ಪುಟದಲ್ಲಿ ಉತ್ತರ ನೋಡಿದ. ಎರಡು ಎಂದಿತ್ತು. ಎರಡರಲ್ಲಿ ಬಾವುಟ ಮಾತ್ರ ಬದಲಾಗಿ, ಚುಕ್ಕಿ ಇದ್ದಲ್ಲೇ ಇತ್ತು.

“ಮುತ್ಯಾ, ಚುಕ್ಕಿನೂ ಆ ಕಡಿ ಹೋಗಬೇಕಲ್ಲ?”

“ತಡಿ, ವಿಚಾರ ಮಾಡು. ಬಾವುಟ ಅಂದ್ರ ಗಾಳಿದು. ಗಾಳಿ ಹೊಳ್ಳಿದಂಗ ಹೊಳ್ಳತದ. ಚುಕ್ಕಿ ನೆಲದ ಮ್ಯಾಲಿಂದು. ನೆಲ ಹೊಳ್ಳತದೇನು? ಇಲ್ಲ. ಅದಕ್ಕೇ ಎರಡು.”

ಹೇಳಿದ ಮೇಲೆ ಅವನಿಗೇ ಅದು ಭಾಳ ಚೆನ್ನಾಗಿ ಕೇಳಿಸಿತು. ಚನ್ನು ರಬ್ಬರು ತೆಗೆದಳು. ತಾನು ಹಾಕಿದ್ದ ಮೂರನ್ನು ಅಳಿಸಿ ಎರಡು ಬರೆದಳು. ಮುಂದಿನ ಪ್ರಶ್ನೆಗೆ ಬಂದಾಗ ಚಿತ್ರ ನೋಡಲೇ ಇಲ್ಲ, ಮುತ್ಯಾನ ಮುಖ ನೋಡಿ ಕೇಳಿದಳು: “ಹಿಂದ ಏನು ಕೊಟ್ಟಾರ?”

ಮೇಜಿನ ಮುಂದಿನ ಬೆಂಚಿನ ಮೇಲೆ ಒಬ್ಬ ಮನುಷ್ಯ ಆಗಿನಿಂದ ಕೂತಿದ್ದ. ನಲವತ್ತರ ವಯಸ್ಸು, ತೆಳ್ಳಗೆ, ಕೈಬೆರಳ ಸಂದಿಯಲ್ಲೆಲ್ಲ ಬಿಳಿ ಧೂಳು. ಆಧಾರ್ ಕಾರ್ಡಿನಲ್ಲಿ ಭಗವಂತಪ್ಪ, ಹಾಜರಿ ಪುಸ್ತಕದಲ್ಲಿ ಭಗವಂತ ಎಂದು ಹೆಸರು ಎರಡಾಗಿ, ಎರಡೂ ಒಬ್ಬನದೇ ಎಂದು ಅಫಿಡವಿಟ್ಟು ಮಾಡಿಸಲು ಸನ್ನತಿಯಿಂದ ಬಂದವನು. ಅವನು ಕುತ್ತಿಗೆ ಉದ್ದ ಮಾಡಿ ಗೈಡಿನ ಕಡೆ ನೋಡುತ್ತಿದ್ದ.

“ರೈಟರ್ ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಕೂಸು ಮೊದಲ ಹೇಳಿದ್ದೇ ಖರೆ ಅದ.”

ಕಲ್ಯಾಣಪ್ಪ ಕನ್ನಡಕದ ಮೇಲಿನಿಂದ ನೋಡಿದ. “ನಿನಗ ಓದಾಕ ಬರತದೇನಪಾ?”

“ಅಷ್ಟಕ್ಕಷ್ಟೇ ರೀ. ಮೂರನೇತ್ತಿಗೆ ಸಾಲಿ ಬಿಟ್ಟೀನಿ.”

“ಇಲ್ಲಿ ಎರಡು ಅಂತ ಅಚ್ಚಾಗ್ಯಾದ.”

“ಅಚ್ಚು ಗಲತ್ ಆಗಿರಬೇಕ್ರಿ. ಇದರಾಗ ಓದೂದೇನದ? ಅಗಾ, ಅಲ್ಲಿ ಗಾಡಿ ನಿಂತದಲ್ರಿ, ಅದರ ಕನ್ನಡಿಗಿ ಹಿಡದು ನೋಡ್ರಲ್ಲ.”

ಶೆಡ್ಡಿನ ಕಂಬಕ್ಕೆ ಒರಗಿಸಿ ನಿಲ್ಲಿಸಿದ ಮೋಟರ್‌ಸೈಕಲ್ಲು ಸ್ಟಾಂಪ್ ಮಾರುವ ಗೊಲ್ಲಾಳಪ್ಪನದು. ಚನ್ನು ಆಗಲೇ ಗೈಡು ಹಿಡಿದು ಓಡಿದ್ದಳು. ಕನ್ನಡಿಯ ಧೂಳನ್ನು ಲಂಗದ ಅಂಚಿನಿಂದ ಒರೆಸಿ, ಪುಟವನ್ನು ಅದರ ಮುಂದೆ ಹಿಡಿದಳು. ಕಲ್ಯಾಣಪ್ಪ ಹಿಂದಿನಿಂದ ಬಗ್ಗಿ ನೋಡಿದ. ಬಾವುಟ ಎಡಕ್ಕೆ ಹೋಗಿತ್ತು. ಚುಕ್ಕಿ ಬಲಕ್ಕೆ ಹೋಗಿತ್ತು. ಮೂರನೆಯ ಚಿತ್ರವೇ.

ಗೊಲ್ಲಾಳಪ್ಪ ನಕ್ಕ. ಕಲ್ಯಾಣಪ್ಪ ನಗಲಿಲ್ಲ. ಅವನಿಗೆ ತಪ್ಪು ಉತ್ತರಕ್ಕಿಂತ, ಆ ತಪ್ಪಿಗೆ ತಾನು ಹುಟ್ಟಿಸಿದ ಕಾರಣ ನೆನಪಾಗಿ ಕಿವಿ ಬಿಸಿಯಾಯಿತು. ಗಾಳಿಯಂತೆ, ನೆಲವಂತೆ! ಆ ಹುಡುಗಿ ಕಣ್ಣಾರೆ ಕಂಡದ್ದನ್ನು ಅಳಿಸಿ ಬರೆದದ್ದು ಪುಸ್ತಕಕ್ಕೆ ಹೆದರಿ ಅಲ್ಲ, ಮುತ್ಯಾನ ಮಾತಿಗೆ.

ಮೇಜಿಗೆ ಬಂದು ಉತ್ತರದ ಪುಟ ತೆಗೆದ. ಎರಡನ್ನು ಹೊಡೆದುಹಾಕಿ ಮೂರು ಬರೆದು, ಪತ್ರದಲ್ಲಿ ತಿದ್ದುಪಡಿಯಾದಾಗ ಮಾಡುವಂತೆ ಅಂಚಿನಲ್ಲಿ ಸಣ್ಣ ಸಹಿ ಹಾಕಿದ. ಪೆನ್ನನ್ನು ಚನ್ನುವಿಗೆ ಕೊಟ್ಟ.

“ನೀನೂ ಹಾಕು. ಗಲತ್ ಪುಸ್ತಕದ್ದೂ ಆಯ್ತು, ನನ್ನದೂ ಆಯ್ತು. ನಿಂದಲ್ಲ.”

ಚನ್ನು ನಾಲಿಗೆ ಹೊರಹಾಕಿ, ಕಷ್ಟಪಟ್ಟು, ಪೂರ್ತಿ ಹೆಸರು ಬರೆದಳು.

ಭಗವಂತನ ಅಫಿಡವಿಟ್ಟು ಆ ಸಂಜೆ ತಡವಾಯಿತು. ಕಲ್ಯಾಣಪ್ಪ ಚಹಾ ತರಿಸಿ ಅವನನ್ನೇ ಮಾತಿಗೆಳೆದ. ಇದನ್ನೆಲ್ಲ ಎಲ್ಲಿ ಕಲಿತೆ?

“ಕಲತದ್ದೇನಿಲ್ರಿ. ನಮ್ಮೂರ ಹಂತೇಲಿ ಹಳೇ ಸ್ತೂಪ ಅಗದಾರಲ್ಲ, ಅಲ್ಲಿ ಕಲ್ಲು ಜೋಡಸಾ ಗ್ಯಾಂಗಿನಾಗ ಅದೀನಿ. ಹೂವು, ಆನಿ, ಮನಷ್ಯಾರ ಮುಖ ಕೊರದ ಚಪ್ಪಡಿ ರೀ. ಒಂದೊಂದು ಹತ್ತು ತುಂಡಾಗ್ಯಾವ. ಯಾವುದಕ್ಕ ಯಾವುದು ಕೂಡತದ ನೋಡಬೇಕು. ನಾಕು ಮಂದಿ ಎತ್ತೂವಂಥ ಕಲ್ಲು. ಎತ್ತಿ ಹಚ್ಚಿ ನೋಡೋಣ ಅಂದ್ರ ಅಂಚು ಉದುರತದ, ಒಮ್ಮಿ ಉದುರಿದ್ರ ಮುಗೀತು. ಅದಕ್ಕ ನಮಗ ಮೊದಲ ದಿನಾನೇ ಹೇಳಿದ್ರು, ಕೈ ಹಿಂದ ಕಟ್ಕೊಂಡು ನೋಡ್ರಿ ಅಂತ. ಕಲ್ಲು ಹೊಳ್ಳಸಾ ಹಂಗಿಲ್ಲ. ತೆಲಿಯಾಗ ಹೊಳ್ಳಸಬೇಕು.”

ಚನ್ನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೈಡಿನ ಮೇಲೆ ಬಗ್ಗಿದಳು. ಅವಳ ಕಣ್ಣು ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗಿ ಬಂತು.

“ನಾಕು,” ಎಂದಳು. ಭಗವಂತ ತಲೆಯಾಡಿಸಿದ. ಕಲ್ಯಾಣಪ್ಪ ಉತ್ತರದ ಪುಟ ನೋಡಲು ಹೋಗಿ ತಡೆದುಕೊಂಡ.

“ಭಾನುವಾರ ಕೂಸಿಗಿ ಕರಕೊಂಡು ಬರ್ರಿ,” ಎಂದ ಭಗವಂತ, ತನ್ನ ಕಾಗದ ಮಡಚಿ ಜೇಬಿಗಿಡುತ್ತ. “ನನ್ನ ಮಗಳೂ ಐದನೇತ್ತಿ. ಆಕಿಗೂ ಇದರ ಹುಚ್ಚು ಅದ.”

*

ಸನ್ನತಿಗೆ ಬಸ್ಸಿನಲ್ಲಿ ಒಂದೂವರೆ ತಾಸಿನ ಮೇಲೆ ಹಾದಿ. ತೊಗರಿ ಹೊಲಗಳು ಮಳೆಗೆ ಕಪ್ಪು ಹಸಿರಾಗಿದ್ದವು. ಇಳಿದರೆ ಗುಡಿಗೆ ಬಂದ ಮಂದಿಯ ಗದ್ದಲ. ಅದನ್ನು ಬಿಟ್ಟು ಭಗವಂತನ ಮನೆ ಊರ ಆಚೆಯ ಓಣಿಯಲ್ಲಿ. ಗೋಡೆಯ ಮೇಲೆ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಕೆಳಗೆ ಮಗಳ ಶಾಲೆಯ ಗ್ರೂಪ್ ಫೋಟೋ.

ಮನೆಯ ಮುಂದಿನ ಅಂಗಳದಲ್ಲಿ ಭಗವಂತ ಆಗಲೇ ಪಾಠ ಹರಡಿಟ್ಟಿದ್ದ. ನೆಲಕ್ಕೆ ಹಾಸುವ ಶಹಾಬಾದ ಫರ್ಸಿಕಲ್ಲಿನ ಒಡೆದ ತುಂಡುಗಳು. ನಾಲ್ಕು ಫರ್ಸಿಯ ತುಂಡುಗಳನ್ನು ಕಲಸಿ, ಒಂದೊಂದರ ಮೇಲೂ ಸೀಮೆಸುಣ್ಣದಿಂದ ನಂಬರು ಹಾಕಿದ್ದ. ನಿಯಮ ಒಂದೇ: ಕೈ ಹಿಂದೆ. ಯಾವ ನಂಬರಿಗೆ ಯಾವ ನಂಬರು ಎಂದು ಮೊದಲು ಹೇಳಬೇಕು. ಹೇಳಿದ ಮೇಲೆ ಒಂದೇ ಸಲ ಮುಟ್ಟಬೇಕು.

“ಕೂಡೂದು ಹುಡುಕಬ್ಯಾಡ, ಚನ್ನು,” ಎಂದ ಭಗವಂತ. “ಕೂಡಲಾರದ್ದು ಮೊದಲ ತೆಗಿ. ಒಂದು ಅಂಚು ಹಿಡಕೊ. ಇಲ್ಲಿ ಹಲ್ಲು ಹೊರಗ ಬಂದದ ಅಂದ್ರ ಅಲ್ಲಿ ಹಲ್ಲು ಒಳಗ ಹೋಗಿರಬೇಕು. ಇಲ್ಲಂದ್ರ ಬಿಡು, ಮುಂದ ನಡಿ.”

ಭಗವಂತನ ಮಗಳು ಸುಮಂಗಲಾ ಚನ್ನುವಿಗಿಂತ ಒಂದು ಗೇಣು ಗಿಡ್ಡ, ಎರಡು ಜಡೆ, ಮಾತು ಕಡಿಮೆ. ಚನ್ನು ಎರಡು ತುಂಡು ಕೂಡಿಸುವಷ್ಟರಲ್ಲಿ ಅವಳು ಒಂದು ಫರ್ಸಿ ಪೂರ್ತಿ ಮುಗಿಸಿ, ಮೂಲೆಯಲ್ಲಿ ಒಂದು ಚೂರು ಕಮ್ಮಿ ಇದೆ ಎಂದು ಅಪ್ಪನಿಗೆ ತೋರಿಸಿದಳು. ಕಲ್ಯಾಣಪ್ಪ ಹೊರಸಿನ ಮೇಲೆ ಕೂತು ಏನೋ ವಿವರಿಸಲು ಬಾಯಿ ತೆರೆದ. ಚನ್ನು ತಿರುಗಿ ನೋಡಿದಳು. ಬಾಯಿ ಮುಚ್ಚಿದ. ಆಮೇಲಿಂದ ಅವನು ಒಂದು ಉಪಾಯ ಕಂಡುಕೊಂಡ: ಹುಡುಗಿಯರು ಚಿತ್ರಕ್ಕೆ ಕೂತಾಗ ಬಾಯಿಗೆ ಅಡಿಕೆ ಹೋಳು ಹಾಕಿಕೊಂಡು ಗಡಿಯಾರ ನೋಡುವುದು.

ಮಧ್ಯಾಹ್ನ ಭಗವಂತನ ಹೆಂಡತಿ ಲಾಲಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟಳು. “ಉಣತೀರೇನ್ರಿ?” ಎಂದು ಕೇಳಿದಳು. ಕೇಳಿದ ರೀತಿಯಲ್ಲಿ, ಉಣ್ಣದಿದ್ದರೂ ತಾನು ಬೇಸರ ಮಾಡಿಕೊಳ್ಳುವವಳಲ್ಲ ಎಂಬುದಿತ್ತು. ಹುಟ್ಟಿದಾಗಿನಿಂದ ಬಸವಣ್ಣನ ಹೆಸರು ಹೇಳುತ್ತ ಬೆಳೆದ ಕಲ್ಯಾಣಪ್ಪ, ಅಂಥದೊಂದು ಓಣಿಯಲ್ಲಿ ತಾಟಿನ ಮುಂದೆ ಕೂತದ್ದು ಅದೇ ಮೊದಲು. ಅವನು ಅದನ್ನು ಯೋಚಿಸುತ್ತಿರುವಾಗಲೇ ಚನ್ನು ಎರಡನೆಯ ರೊಟ್ಟಿ ಕೇಳಿದಳು. ಅವನೂ ಕೈ ತೊಳೆದು ಕೂತ. ಹಿಂಡಿ ಖಾರ ಇತ್ತು, ರುಚಿಯಾಗಿತ್ತು.

ಊಟದ ನಂತರ ಸುಮಂಗಲಾಳಿಗೆ ಗೈಡಿನ ಭಾಷಾ ಪಾಠ ತೆಗೆದು ಕೊಟ್ಟು, ಓದು ಎಂದ. ಅವಳು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ನಿಂತು, ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲಿನದನ್ನು ಮರೆತಿದ್ದಳು. ತಾನು ಚಿತ್ರದ ಮುಂದೆ ಹೇಗೋ ಅವಳು ಅಕ್ಷರದ ಮುಂದೆ ಹಾಗೆ ಎಂದು ಕಲ್ಯಾಣಪ್ಪನಿಗೆ ಅನಿಸಿತು. ಅದಕ್ಕೇ ಅವಳ ಮೇಲೆ ಸಿಟ್ಟು ಬರಲಿಲ್ಲ.

“ಈಕಿದು ಅರ್ಜಿ ಹಾಕೀಯೇನು?” ಎಂದು ಕೇಳಿದ.

“ತಾರೀಖು ಮುಗದದ ಅಂದ್ರಲ್ರಿ ಯಾರೋ. ನಮಗೂ ಆನ್‌ಲೈನು ತಿಳಿಯಂಗಿಲ್ಲ.”

“ಮುಂದ ಹಾಕ್ಯಾರ. ಇನ್ನೂ ಆರು ದಿನ ಅದ.” ಕಲ್ಯಾಣಪ್ಪ ಜೇಬಿನಿಂದ ಪೆನ್ನು ತೆಗೆದ. ಇಲ್ಲಿ ಅವನ ಕೈ ನಡೆಯುವ ಜಾಗ ಬಂದಿತ್ತು. “ಸಾಲಿ ಸರ್ಟಿಫಿಕೇಟು, ಆಧಾರ, ಒಂದು ಫೋಟೋ. ನಾಳಿ ಹತ್ತಕ್ಕ ಚಿತ್ತಾಪುರಕ್ಕ ಬಾ. ಉಳಿದದ್ದು ನನಗ ಬಿಡು.”

ಹೀಗೆ ಶುರುವಾಯಿತು. ಒಂದು ಭಾನುವಾರ ಇವರು ಅಲ್ಲಿಗೆ, ಒಂದು ಭಾನುವಾರ ಅವರು ಇಲ್ಲಿಗೆ. ಭಗವಂತ ಇಬ್ಬರಿಗೂ ಚಿತ್ರ ಹೇಳಿಕೊಡುವುದು, ಕಲ್ಯಾಣಪ್ಪ ಇಬ್ಬರಿಗೂ ಓದಿಸುವುದು. ಹಳೆಯ ಅರ್ಜಿಗಳ ಕರಡನ್ನೇ ಅವನು ಪಾಠ ಮಾಡಿಬಿಟ್ಟ. ‘ನನ್ನ ಎಮ್ಮೆಯು ಸದರಿ ಇಸಮಿಯ ಹೊಲಕ್ಕೆ ಹೋಗಿರುವುದಿಲ್ಲ’ ಎಂದು ಸುಮಂಗಲಾ ಗಟ್ಟಿಯಾಗಿ ಓದಿ, ಇಸಮಿ ಅಂದರೆ ಮನುಷ್ಯ ಎಂದು ಅರ್ಥವಾದ ಕೂಡಲೇ ನಕ್ಕಳು. ಅವಳು ನಕ್ಕದ್ದನ್ನು ಅವನು ಅಂದೇ ಮೊದಲು ನೋಡಿದ್ದು. ದೀಪಾವಳಿಯ ಹೊತ್ತಿಗೆ ಒತ್ತಕ್ಷರಕ್ಕೆ ನಿಲ್ಲುವುದು ಬಿಟ್ಟಿದ್ದಳು.

ನವೆಂಬರಿನಿಂದ ವಾರಕ್ಕೊಂದು ಪೂರ್ತಿ ಪರೀಕ್ಷೆ. ಮಾರ್ಕುಗಳನ್ನು ಕಲ್ಯಾಣಪ್ಪ ಒಂದು ಹಳೆಯ ರಜಿಸ್ಟರಿನ ಹಿಂದೆ ಬರೆಯುತ್ತಿದ್ದ. ಮೊದಲೆರಡು ವಾರ ಚನ್ನು ಮುಂದು. ಮೂರನೆಯ ವಾರ ಇಬ್ಬರೂ ಸಮ. ನಾಲ್ಕನೆಯ ವಾರದಿಂದ ಸುಮಂಗಲಾ ಮೂರು, ನಾಲ್ಕು ಮಾರ್ಕು ಮುಂದೆ ನಿಂತಳು. ನಿಂತವಳು ಹಿಂದೆ ಬರಲಿಲ್ಲ.

ಡಿಸೆಂಬರಿನಲ್ಲಿ ಅವನು ಕಲಬುರಗಿಗೆ ಹೋದಾಗ ಮಾದರಿ ಪತ್ರಿಕೆಗಳ ಹೊಸ ಪುಸ್ತಕ ಸಿಕ್ಕಿತು. ಒಂದೇ ಪ್ರತಿ ತಂದು, ರಾತ್ರಿ ಮನೆಯಲ್ಲಿ ಚನ್ನುವಿನಿಂದ ಮಾಡಿಸತೊಡಗಿದ. ಆ ಭಾನುವಾರ ಅದನ್ನು ಸನ್ನತಿಗೆ ಒಯ್ಯಲಿಲ್ಲ. ಮರೆತೆ ಎಂದು ತನಗೆ ತಾನೇ ಹೇಳಿಕೊಂಡ. ಮುಂದಿನ ಭಾನುವಾರ ಅವರು ಬಂದಾಗಲೂ ಅದು ಕಪಾಟಿನಲ್ಲಿ ಅಂಗಿಗಳ ಕೆಳಗೇ ಇತ್ತು. ಅದರ ಮುಂದಿನ ವಾರ ಸನ್ನತಿಯ ಅಂಗಳದಲ್ಲಿ ಚನ್ನು ಚೀಲ ಬಿಚ್ಚಿ ಆ ಪುಸ್ತಕ ತೆಗೆದಾಗ ಕಲ್ಯಾಣಪ್ಪನ ಬಾಯಲ್ಲಿ ಅಡಿಕೆ ನಿಂತಿತು.

“ಇದರಾಗ ನಾ ಎಂಟು ಪತ್ರಿಕಿ ಮಾಡೀನಿ,” ಎಂದು ಸುಮಂಗಲಾಳಿಗೆ ಕೊಟ್ಟಳು. “ನೀ ಪೆನ್ಸಿಲಿಲೆ ಮಾಡು. ಅಳಿಸಿ ವಾಪಸ್ ಕೊಡು.”

ಮುತ್ಯಾನ ಕಡೆ ಅವಳು ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು ಎನಿಸಿತು ಅವನಿಗೆ.

*

ಜನವರಿಯಲ್ಲಿ ಪರೀಕ್ಷೆ ಚಿತ್ತಾಪುರದಲ್ಲೇ ಬಿತ್ತು. ಹಿಂದಿನ ದಿನವೇ ಭಗವಂತ ಮಗಳನ್ನು ಕರೆದುಕೊಂಡು ಬಂದು ಕಲ್ಯಾಣಪ್ಪನ ಮನೆಯಲ್ಲಿ ಉಳಿದ. ಬೆಳಿಗ್ಗೆ ನಾಗರತ್ನಾ ಇಬ್ಬರಿಗೂ ಒಂದೇ ಥರ ಎಣ್ಣೆ ಹಚ್ಚಿ ಜಡೆ ಹೆಣೆದಳು. ಗೇಟಿನ ಮುಂದೆ ತಾಯಿ ತಂದೆಯರು ಕಡೆಯ ಮಾತು ಹೇಳುವುದರಲ್ಲಿ ಮುಳುಗಿದ್ದರು. ಕಲ್ಯಾಣಪ್ಪನಿಗೆ ಹೇಳಲು ಬೇಕಾದಷ್ಟಿತ್ತು. ಹೇಳಲಿಲ್ಲ. ಇಬ್ಬರ ತಲೆಯ ಮೇಲೂ ಕೈಯಿಟ್ಟು ಬಿಟ್ಟ.

ಹೊರಗೆ ಬಂದಾಗ ಸುಮಂಗಲಾ, “ಭಾಷಾ ಪೂರಾ ಓದಿದೆರಿ ಅಜ್ಜಾ,” ಎಂದಳು. ಚನ್ನು, “ಕಾಗದ ಮಡಚೂದರಾಗ ಎರಡು ಬಿಟ್ಟೆ. ಟೈಮ್ ಸಾಲಲಿಲ್ಲ,” ಎಂದಳು. ಅಷ್ಟು ಹೇಳಿ ಇಬ್ಬರೂ ಐಸ್‌ಕ್ಯಾಂಡಿ ಬಂಡಿಯ ಕಡೆ ಓಡಿದರು.

ಫಲಿತಾಂಶ ಮಾರ್ಚಿನಲ್ಲಿ ಬಂತು. ಡ್ಯೂಟಿಯಿಂದ ಬಂದ ನಾಗರತ್ನಾ ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಮಗಳ ನಂಬರು ಹಾಕಿದಳು. ಆಯ್ಕೆಯಾಗಿಲ್ಲ. ಇನ್ನೊಮ್ಮೆ ಹಾಕಿದಳು. ಅದೇ. ಆಮೇಲೆ ಸುಮಂಗಲಾಳ ನಂಬರು ಹಾಕಿ, ಮೊಬೈಲನ್ನು ಅಪ್ಪನ ಕೈಗೆ ಕೊಟ್ಟಳು. ಸುಮಂಗಲಾ ಆಯ್ಕೆಯಾಗಿದ್ದಳು.

ಚನ್ನು ಮುತ್ಯಾನ ಕೈಯೊಳಗೆ ಬಗ್ಗಿ ಎರಡನ್ನೂ ನೋಡಿದಳು. “ಹೂಂ,” ಎಂದಳು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೆ ಏಳಲಿಲ್ಲ.

ಮಾರನೆಯ ದಿನ ಶೆಡ್ಡಿನಲ್ಲಿ ಸುದ್ದಿ ತಿಳಿದು ಗೊಲ್ಲಾಳಪ್ಪ ಸಮಾಧಾನಕ್ಕೆ ಬಂದ. “ಮನಸಿಗಿ ಹಚ್ಚಕೋಬ್ಯಾಡ ಕಲ್ಯಾಣಪ್ಪ. ಅವರಿಗಿ ಕೋಟಾ ಇರತದ. ನಮ್ಮ ಹುಡುಗ್ರು ಎಷ್ಟು ಓದಿದ್ರೂ ಅಷ್ಟೇ.”

ಒಪ್ಪಿಕೊಂಡುಬಿಟ್ಟರೆ ಎದೆಯ ಭಾರ ಎಷ್ಟು ಹಗುರಾಗುತ್ತಿತ್ತು! ಆ ಮಾತು ನಾಲಿಗೆಯ ತುದಿಗೆ ಬಂದೂ ಬಂದಿತ್ತು. ರಾತ್ರಿಯಿಂದ ಅವನೇ ಅದನ್ನು ಒಳಗೊಳಗೆ ಹದ ಮಾಡುತ್ತಿದ್ದ. ಗಾಳಿ ನೆಲದ ಹಾಗೆಯೇ ಇದಕ್ಕೂ ಒಂದು ಕಾರಣ ಚೆನ್ನಾಗಿ ಕಟ್ಟಬಲ್ಲವನು ಅವನು. ಮೇಜಿನ ಖಾನೆ ಎಳೆದು ರಜಿಸ್ಟರು ತೆಗೆದು ಗೊಲ್ಲಾಳಪ್ಪನ ಮುಂದೆ ತೆರೆದಿಟ್ಟ.

“ಹತ್ತು ಪರೀಕ್ಷಾ ಮಾಡೀನಿ. ಏಳರಾಗ ಆಕಿ ಮುಂದ. ಮಾರ್ಕು ಹಾಕಿದವ ನಾನೇ. ಕೋಟಾದ ಮಾತು ಬ್ಯಾರೆ, ಈ ಪೋರಿ ಮಾತು ಬ್ಯಾರೆ.”

ಗೊಲ್ಲಾಳಪ್ಪ ರಜಿಸ್ಟರು ನೋಡಿ, “ಹಂಗೇನು?” ಎಂದು ತನ್ನ ಮೇಜಿಗೆ ಹೋದ.

ಭಾನುವಾರ ಚನ್ನು ಬರುವುದಿಲ್ಲ ಎಂದಳು. ಕಲ್ಯಾಣಪ್ಪ ಒತ್ತಾಯ ಮಾಡದೆ ಒಬ್ಬನೇ ಸನ್ನತಿಯ ಬಸ್ಸು ಹಿಡಿದ. ಫೋನಿನಲ್ಲಿ ಸುದ್ದಿ ಮೊದಲೇ ಮುಟ್ಟಿತ್ತು. ಆದರೂ ಅಂಗಳದಲ್ಲಿ ಪೇಡೆ ಇರಲಿಲ್ಲ, ಗದ್ದಲ ಇರಲಿಲ್ಲ. ಭಗವಂತ ಎದ್ದು ಬಂದು ಮೊದಲು ಕೇಳಿದ್ದು: “ಚನ್ನು ಉಣ್ಣಾಕತ್ತಾಳೇನ್ರಿ?”

ಕಲ್ಯಾಣಪ್ಪ ಹೊರಸಿನ ಮೇಲೆ ಕೂತ. “ನಿಮಗ ಒಂದು ಮಾತು ಹೇಳಬೇಕು,” ಎಂದ. ಇಷ್ಟು ದಿನ ನೀನು ಎನ್ನುತ್ತಿದ್ದವನ ಬಾಯಲ್ಲಿ ನಿಮಗೆ ಎಂದು ಬಂದದ್ದು ಅವನಿಗೇ ತಿಳಿಯಲಿಲ್ಲ. “ಆ ಮಾದರಿ ಪತ್ರಿಕಿ ಪುಸ್ತಕ ಇತ್ತಲ್ಲ. ಅದನ್ನ ನಾ ಎರಡು ವಾರ ಮುಚ್ಚಿಟ್ಟಿದ್ದೆ. ಸುಮಂಗಲಾಗ ಸಿಗಬಾರದು ಅಂತ.”

“ಗೊತ್ತದ್ರಿ.”

“ಗೊತ್ತದ?”

“ಚನ್ನು ಈಕಿಗಿ ಹೇಳ್ಯಾಳ, ಈಕಿ ನಮಗ ಹೇಳ್ಯಾಳ. ಕಡೀಕ ಕೊಟ್ರಲ್ರಿ, ಮತ್ತೇನು?”

“ನಾ ಕೊಟ್ಟಿಲ್ಲ ಭಗವಂತ. ಚನ್ನು ಕೊಟ್ಟಾಳ.”

“ಚನ್ನು ಯಾರ ಮೊಮ್ಮಗಳ್ರಿ?” ಎಂದು ಭಗವಂತ ನಕ್ಕ. ಒಳಗಿನಿಂದ ಲಾಲಮ್ಮ ಸಕ್ಕರೆಯ ಡಬ್ಬಿ ತಂದು, ಈಗ ಮಗಳನ್ನು ಕರೆದು, ಕಲ್ಯಾಣಪ್ಪನ ಕೈಗೆ ಸಕ್ಕರೆ ಹಾಕಿಸಿದಳು. ಸುಮಂಗಲಾ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಜಾತಿ, ವಾಸಸ್ಥಳ, ವೈದ್ಯಕೀಯ ಎಂದು ಭರ್ತಿ ಮಾಡಬೇಕಾದ ಕಾಗದ ಒಂದು ರಾಶಿ ಇತ್ತು. ಕಲ್ಯಾಣಪ್ಪ ಸಂಜೆಯ ಬಸ್ಸಿನ ತನಕ ಕೂತು ಒಂದೊಂದನ್ನೂ ಬರೆದ. ಅಷ್ಟು ಅಂದವಾಗಿ ಅವನು ಯಾವ ಸಾಹುಕಾರನ ಖರೀದಿ ಪತ್ರವನ್ನೂ ಬರೆದಿರಲಿಲ್ಲ.

ಚನ್ನುವಿನ ಮುನಿಸು ಎರಡು ವಾರ ಇತ್ತು. ಶಾಲೆಯಿಂದ ಮೇಜಿಗೆ ಬರುತ್ತಿದ್ದಳು, ಮಂಡಕ್ಕಿ ತಿನ್ನುತ್ತಿದ್ದಳು, ಗೈಡಿನ ಕಡೆ ನೋಡುತ್ತಿರಲಿಲ್ಲ. ಕಲ್ಯಾಣಪ್ಪನಿಗೆ ಒಳ್ಳೊಳ್ಳೆಯ ಮಾತು ಬಹಳ ಗೊತ್ತಿದ್ದವು. ಸೋಲೇ ಗೆಲುವಿನ ಮೆಟ್ಟಿಲು ಎಂಬಂಥವು. ಒಂದನ್ನೂ ಆಡಲಿಲ್ಲ. ತಾಲೂಕಿನ ಆದರ್ಶ ಶಾಲೆಯ ಪ್ರವೇಶ ಪರೀಕ್ಷೆಯ ಪ್ರಕಟಣೆಯನ್ನು ಕತ್ತರಿಸಿ ಮೇಜಿನ ಗಾಜಿನ ಕೆಳಗೆ, ಅವಳು ಕೂಡುವ ಬದಿಗೆ ಇಟ್ಟು ಸುಮ್ಮನಾದ. ನಾಲ್ಕು ದಿನ ಅದು ಅಲ್ಲಿಯೇ ಇತ್ತು.

ಐದನೆಯ ದಿನ ಚನ್ನು ಕೇಳಿದಳು: “ಇದರಾಗ ಚಿತ್ರ ಬರತಾವೇನು ಮುತ್ಯಾ?”

“ಬರತಾವಂತ.”

“ಮಡಚಿದ ಕಾಗದ?”

“ಅದು ನನಗ ಗೊತ್ತಿಲ್ಲವ್ವಾ. ನನಗ ಚಿತ್ರದ್ದೇನು ತಿಳೀತದ?”

ಅವಳು ಮೇಜಿನ ಮೇಲಿದ್ದ ಕೆಟ್ಟ ಹಾಳೆಯೊಂದನ್ನು ತೆಗೆದುಕೊಂಡು ನಾಲ್ಕು ಪದರಾಗಿ ಮಡಚಿದಳು. ಪಂಚಿಂಗ್ ಮಶೀನಿನಿಂದ ಮಡಿಕೆಗಳು ಕೂಡಿದ ಮೂಲೆಗೆ ತೂತು ಹೊಡೆದಳು. ಬಿಚ್ಚುವ ಮೊದಲು ಕೈಗಳನ್ನು ಹಿಂದೆ ಕಟ್ಟಿ ಒಂದು ಗಳಿಗೆ ಕಣ್ಣು ಮುಚ್ಚಿದಳು. “ನಾಕು ತೂತು, ನಡುವ ಹಂತೇಲಿ,” ಎಂದಳು. ಬಿಚ್ಚಿದಳು. ನಾಲ್ಕು, ನಡುವಿನ ಹತ್ತಿರ. ಆ ಸಂಜೆ ಮೇಜಿನ ಮೇಲಿನ ಕೆಟ್ಟ ಹಾಳೆಗಳೆಲ್ಲ ಮುಗಿದವು. ಭಾನುವಾರ ತಾನೇ ಮೊದಲು ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು, ಸನ್ನತಿಗೆ ಹೋಗಲು.

ಆದರ್ಶದ ಪಟ್ಟಿಯಲ್ಲಿ ಚನ್ನುವಿನ ಹೆಸರು ಹನ್ನೊಂದನೆಯದಾಗಿ ಬಂತು. ನಾಗರತ್ನಾ ವಾರ್ಡಿನಲ್ಲೆಲ್ಲ ಪೇಡೆ ಹಂಚಿದಳು. ಸಂತೋಷಕುಮಾರ ಪಾಳಿ ಬದಲಿಸಿಕೊಂಡು ಬಂದು ಮಗಳಿಗೆ ಸೈಕಲ್ಲು ಕೊಡಿಸಿದ. ಜೂನಿನಿಂದ ಅವಳು ಅದರ ಮೇಲೆ ಹೊಸ ಶಾಲೆಗೆ ಹೋಗತೊಡಗಿದಳು. ಸುಮಂಗಲಾ ಹಾಸಿಗೆ, ಟ್ರಂಕು ಸಮೇತ ನವೋದಯದ ಹಾಸ್ಟೆಲು ಸೇರಿದಳು.

ಆಗಸ್ಟಿನಲ್ಲಿ ಒಂದು ದಿನ ಪೋಸ್ಟಿನವನು ಶೆಡ್ಡಿಗೇ ಬಂದು ಒಂದು ಲಕೋಟೆ ಕೊಟ್ಟ. ಮೇಲೆ ‘ಕುಮಾರಿ ಚನ್ನಮ್ಮ, ಕೇರಾಫ್ ಕಲ್ಯಾಣಪ್ಪ, ಬಾಂಡ್ ರೈಟರ್’ ಎಂದು ದುಂಡಗೆ ಬರೆದಿತ್ತು. ಕಲ್ಯಾಣಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ, ತೂಗಿ ನೋಡಿದ, ತೆರೆಯಲಿಲ್ಲ. ಸಂಜೆ ಚನ್ನು ಸೈಕಲ್ಲು ನಿಲ್ಲಿಸಿ ಬಂದವಳೇ ಹರಿದು ತೆಗೆದಳು. ನಾಲ್ಕು ಪುಟ, ಎರಡೂ ಮಗ್ಗುಲು. ಅವಳು ಓದುತ್ತ ಓದುತ್ತ ಒಮ್ಮೆ ಹುಬ್ಬೇರಿಸಿದಳು, ಒಮ್ಮೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಏನು ಬರದಾಳ?” ಕಲ್ಯಾಣಪ್ಪ ಕುತ್ತಿಗೆ ಉದ್ದ ಮಾಡಿದ.

“ನಿನಗಲ್ಲ ಮುತ್ಯಾ ಅದು.” ಪತ್ರವನ್ನು ಎದೆಗೆ ಒತ್ತಿ ಹಿಡಿದಳು. “ಎರಡು ಹಾಳಿ ಕೊಡು. ಛಲೋವು ಕೊಡು.”

“ಬರಕೊಡ್ಲೇನು? ಜರಾ ಚೆಂದ ಆಗತದ.”

“ಬ್ಯಾಡ. ನಾನೇ ಬರೀತೀನಿ.”

ಅವನು ಖಾನೆಯಿಂದ ನಾಲ್ಕು ಹೊಸ ಹಾಳೆ ತೆಗೆದು ಕೊಟ್ಟ, ಪೆನ್ನಿನ ಟೊಪ್ಪಿ ತೆಗೆದು ಅವಳ ಕೈಗಿಟ್ಟ. ಬೆಂಚಿನ ಮೇಲೆ ಕೂತಿದ್ದ ರೈತನೊಬ್ಬ ತನ್ನ ಕಾಗದ ಎಲ್ಲಿಗೆ ಬಂತು ಎಂದು ಕೇಳಲು ಬಾಯಿ ತೆರೆದ. ಕಲ್ಯಾಣಪ್ಪ ತುಟಿಯ ಮೇಲೆ ಬೆರಳಿಟ್ಟು, ಹುಡುಗಿಯ ಕಡೆ ತೋರಿಸಿ, ಸ್ವಲ್ಪ ತಡಿರಿ ಎಂದು ಸನ್ನೆ ಮಾಡಿದ.